ವೈರವನ್ನು ಮರೆಸಿದ ಗಾಯನ ಯಾತ್ರೆ: ಲಾಂಗೋಲ್ಲೆನ್ ಸಂಗೀತೋತ್ಸವದ ಪರಿಚಯ

ನಮ್ಮ ಚರ್ಚ್‌ಗಳ ಕೊಯರ್ ತಂಡಗಳಲ್ಲಿ ಹಾಡುವವರು ವೃತ್ತಿಪರ ಗಾಯಕರಲ್ಲ. ಶಾಲೆ, ಬ್ಯಾಂಕು, ತೋಟ, ಅಂಗಡಿಗಳ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಇಂತಹ ಹವ್ಯಾಸಿ ತಂಡವೊಂದು ಬೇರೆ ದೇಶಕ್ಕೆ ಹೋಗಿ, ಅಲ್ಲಿನವರ ಮನೆಗಳಲ್ಲಿ ತಂಗಿ, ಅವರೊಂದಿಗೆ ಹಾಡಿ, ಮುಂದೆ ಅವರನ್ನು ತನ್ನ ಊರಿಗೆ ಆಹ್ವಾನಿಸುವುದನ್ನು ಗಾಯನ ವಿನಿಮಯ ಪ್ರವಾಸ ಎನ್ನಬಹುದು. ಎರಡನೇ ಮಹಾಯುದ್ಧದ ನಂತರ ಯುರೋಪಿನ ಜನರನ್ನು ಮತ್ತೆ ಹತ್ತಿರ ತಂದ ಸಾಧನಗಳಲ್ಲಿ ಇದೂ ಒಂದು. ಅದಕ್ಕೆ ಉತ್ತಮ ಉದಾಹರಣೆ ವೇಲ್ಸ್ ನಾಡಿನ ಲಾಂಗೋಲ್ಲೆನ್.

ಊರು ಮತ್ತು ಹೆಸರು

ಲಾಂಗೋಲ್ಲೆನ್ ಉತ್ತರ ವೇಲ್ಸ್‌ನಲ್ಲಿ ಡೀ ನದಿಯ ದಡದಲ್ಲಿರುವ ಒಂದು ಪುಟ್ಟ ಪಟ್ಟಣ. ವೆಲ್ಷ್ ಭಾಷೆಯ ಊರ ಹೆಸರುಗಳಲ್ಲಿ ಬರುವ 'ಲಾನ್' ಎಂಬ ಪದಕ್ಕೆ ದೇವಾಲಯ ಮತ್ತು ಅದರ ಆವರಣ ಎಂಬ ಅರ್ಥವಿದೆ. ಸಂತ ಕೊಲೆನ್ ಎಂಬ ಪ್ರಾಚೀನ ಸನ್ಯಾಸಿಯ ದೇವಾಲಯವಿದ್ದ ಸ್ಥಳವಾದುದರಿಂದ ಊರಿಗೆ ಈ ಹೆಸರು. ಇಲ್ಲಿ ನಡೆಯುವ ಅಂತರರಾಷ್ಟ್ರೀಯ ಉತ್ಸವವನ್ನು 'ಐಸ್ಟೆದ್‌ವೊಡ್' ಎನ್ನುತ್ತಾರೆ. ಕವಿಗಳೂ ಗಾಯಕರೂ ಸೇರಿ ಸ್ಪರ್ಧಿಸುವ ಸಭೆಗೆ ವೇಲ್ಸ್ ಜನರು ಶತಮಾನಗಳಿಂದ ಬಳಸುತ್ತಿರುವ ಹೆಸರಿದು. ಗಣಿ ಮತ್ತು ಕಲ್ಲುಕೋರೆಗಳ ಕಾರ್ಮಿಕರು ಪ್ರಾರ್ಥನಾಲಯಗಳಲ್ಲಿ ಸ್ವರಲಿಪಿ ಕಲಿತು ನಾಲ್ಕು ಧ್ವನಿಗಳಲ್ಲಿ ಹಾಡುತ್ತಿದ್ದ ನಾಡು ಅದು.

1947: ಪ್ರಾರಂಭ

ಯುದ್ಧ ಮುಗಿದು ಎರಡು ವರ್ಷಗಳಾಗಿದ್ದವು. ಬೇರೆ ಬೇರೆ ದೇಶಗಳ ಗಾಯಕರು ಒಂದೆಡೆ ಸೇರಿ ಹಾಡಿದರೆ ಯುದ್ಧದ ಗಾಯಗಳು ಸ್ವಲ್ಪವಾದರೂ ಮಾಯಬಹುದು ಎಂಬ ಆಲೋಚನೆಯನ್ನು ಪತ್ರಕರ್ತ ಹೆರಾಲ್ಡ್ ಟ್ಯೂಡರ್ ಮುಂದಿಟ್ಟರು. ಸಂಗೀತಗಾರ ಡಬ್ಲ್ಯೂ. ಎಸ್. ಗ್ವಿನ್ ವಿಲಿಯಮ್ಸ್ ಸಂಗೀತದ ಹೊಣೆ ಹೊತ್ತರು. ಊರಿನವರು ಹಣ ಕೂಡಿಸಿದರು, ದೊಡ್ಡ ಡೇರೆ ಎದ್ದಿತು. 1947ರ ಜೂನ್ ತಿಂಗಳಲ್ಲಿ ಮೊದಲ ಉತ್ಸವ ನಡೆಯಿತು.

ಅದೇ ಸಮಯದಲ್ಲಿ ಫ್ರಾನ್ಸ್‌ನಲ್ಲಿ ರೈಲ್ವೆ ಮುಷ್ಕರ. ಹೊರದೇಶಗಳ ತಂಡಗಳು ಬಂದು ಮುಟ್ಟುವುದೇ ಅನುಮಾನವಾಗಿತ್ತು. ಹಂಗೇರಿಯ ಕಾರ್ಮಿಕರ ಗಾಯನ ತಂಡದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮುಂದಕ್ಕೆ ದಾರಿಯಲ್ಲಿ ಸಿಕ್ಕ ವಾಹನಗಳನ್ನು ಹತ್ತಿಯೇ ಬಂದು ಸೇರಿದರು. ಹೀಗೆ ಬಂದವರಿಗೆ ಊಟ, ವಸತಿ ಒದಗಿಸಿದವರು ಹೆಚ್ಚಾಗಿ ಊರಿನ ಹಾಗೂ ಸುತ್ತಲಿನ ಮನೆಯವರೇ. ಆಗ ಬ್ರಿಟನ್ನಿನಲ್ಲಿ ಬ್ರೆಡ್ಡು, ಬೆಣ್ಣೆ, ಸಕ್ಕರೆ, ಚಹಾ, ಮಾಂಸ ಎಲ್ಲಕ್ಕೂ ಪಡಿತರ ಚೀಟಿ ಇದ್ದ ಕಾಲ. ಅತಿಥಿಯ ತಟ್ಟೆಗೆ ಬಿದ್ದ ಒಂದೊಂದು ತುಂಡೂ ಮನೆಯವರ ಪಾಲಿನಿಂದ ಬಂದದ್ದೆಂಬುದನ್ನು ನಾವು ಮರೆಯಬಾರದು.

1949: ಲ್ಯೂಬೆಕ್‌ನಿಂದ ಬಂದವರು

ಉತ್ಸವದ ನಿಜವಾದ ಪರೀಕ್ಷೆ ನಡೆದದ್ದು 1949ರಲ್ಲಿ. ಆ ವರ್ಷ ಪ್ರಥಮ ಬಾರಿಗೆ ಜರ್ಮನಿಯ ತಂಡವೊಂದು ಲ್ಯೂಬೆಕ್ ನಗರದಿಂದ ಬಂದಿತು. ಎರಡೂ ಕಡೆಯ ಗಾಯಗಳು ಹಸಿಯಾಗಿದ್ದವು. 1941ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು, ಉತ್ತರ ವೇಲ್ಸ್‌ಗೆ ಹತ್ತಿರದ ಲಿವರ್‌ಪೂಲ್ ನಗರದ ಮೇಲೆ ರಾತ್ರಿಯ ಮೇಲೆ ರಾತ್ರಿ ಬಾಂಬು ಸುರಿಸಿದ್ದವು. ಮರುವರ್ಷ, 1942ರ ಗರಿಗಳ ಭಾನುವಾರದ ಹಿಂದಿನ ರಾತ್ರಿ, ಬ್ರಿಟಿಷ್ ವಿಮಾನಗಳು ಲ್ಯೂಬೆಕ್‌ನ ಹಳೆಯ ಪಟ್ಟಣವನ್ನು ಸುಟ್ಟಿದ್ದವು. ಅಲ್ಲಿನ ಸಂತ ಮರಿಯಳ ದೇವಾಲಯದ ಗೋಪುರದಿಂದ ಬಿದ್ದು ಒಡೆದ ಗಂಟೆಗಳನ್ನು ಇಂದಿಗೂ ಬಿದ್ದಲ್ಲೇ ಉಳಿಸಿಕೊಳ್ಳಲಾಗಿದೆ.

ಕಥೋಲಿಕರಾದ ನಮಗೆ ಲ್ಯೂಬೆಕ್ ಮತ್ತೊಂದು ಕಾರಣಕ್ಕೂ ಪರಿಚಿತವಾಗಬೇಕು. ಆ ದಾಳಿಯ ಮುಂಜಾನೆ ನೀಡಿದ ಪ್ರಬೋಧನೆಯ ನಂತರ ಲೂಥರನ್ ಪಾಸ್ಟರ್ ಕಾರ್ಲ್ ಫ್ರೀಡ್ರಿಶ್ ಸ್ಟೆಲ್‌ಬ್ರಿಂಕ್ ಬಂಧನಕ್ಕೊಳಗಾದರು. ಅವರನ್ನೂ ಕಥೋಲಿಕ ಗುರುಗಳಾದ ಯೋಹಾನ್ನೆಸ್ ಪ್ರಸೆಕ್, ಎಡ್ವರ್ಡ್ ಮ್ಯೂಲ್ಲರ್ ಮತ್ತು ಹೆರ್ಮಾನ್ ಲಾಂಗೆ ಅವರನ್ನೂ ನಾಜಿಗಳು 1943ರ ನವೆಂಬರ್ 10ರಂದು ಹ್ಯಾಂಬರ್ಗ್‌ನಲ್ಲಿ ಕೊಂದರು. ಮೂವರು ಗುರುಗಳನ್ನು 2011ರ ಜೂನ್ 25ರಂದು ಪುನೀತರೆಂದು ಘೋಷಿಸಲಾಯಿತು.

ಇಂತಹ ನಗರದಿಂದ ಬಂದ ಗಾಯಕರಿಗೆ, ತಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತಾರೋ ಎಂಬ ಅಳುಕು ಇದ್ದದ್ದು ಸಹಜ. ವೇದಿಕೆಯಲ್ಲಿ ನಿರೂಪಕರು ಅವರನ್ನು ಗೆಳೆಯರೆಂದು ಕರೆದು ಪರಿಚಯಿಸಿದರು. ಸಭೆ ಚಪ್ಪಾಳೆಯಿಂದ ಸ್ವಾಗತಿಸಿತು. ಲಾಂಗೋಲ್ಲೆನ್‌ನ ಇತಿಹಾಸವನ್ನು ಹೇಳುವವರೆಲ್ಲರೂ ಈ ಗಳಿಗೆಯನ್ನು ಸ್ಮರಿಸುತ್ತಾರೆ.

1955: ಮೊಡೆನಾದ ತಂದೆ–ಮಗ

1955ರಲ್ಲಿ ಇಟಲಿಯ ಮೊಡೆನಾದಿಂದ 'ಕೊರಾಲೆ ರೊಸ್ಸಿನಿ' ಎಂಬ ಪುರುಷರ ಹವ್ಯಾಸಿ ತಂಡ ಬಂದು ಪ್ರಥಮ ಬಹುಮಾನ ಗಳಿಸಿತು. ಬೇಕರಿ ಕೆಲಸದ ಫೆರ್ನಾಂಡೊ ಪವರೊಟ್ಟಿ ಮತ್ತು ಅವರ 19 ವರ್ಷದ ಮಗ ಲುಚಾನೊ ಅದರಲ್ಲಿ ಹಾಡಿದ್ದರು. ಗಾಯನವನ್ನೇ ವೃತ್ತಿಯಾಗಿಸುವ ನಿರ್ಧಾರಕ್ಕೆ ಈ ಗೆಲುವು ಪ್ರೇರಣೆಯಾಯಿತೆಂದು ಮಗ ಮುಂದೆ ಹೇಳುತ್ತಿದ್ದರು. ವಿಶ್ವವಿಖ್ಯಾತರಾದ ಮೇಲೆ 1995ರಲ್ಲಿ ಲಾಂಗೋಲ್ಲೆನ್‌ಗೆ ಮರಳಿ ಬಂದು ಹಾಡಿದರು. ಅವರು 2007ರಲ್ಲಿ ನಿಧನರಾದರು. ಉತ್ಸವದ ಶ್ರೇಷ್ಠ ಗಾಯನ ತಂಡಕ್ಕೆ ನೀಡುವ ಟ್ರೋಫಿಗೆ ಅವರ ಹೆಸರನ್ನಿಡಲಾಗಿದೆ.

ನಮ್ಮ ತಂಡಗಳಿಗೆ ಪಾಠ

ಇಂದು ಕರಾವಳಿಯ ಕುಟುಂಬಗಳು ಕೊಲ್ಲಿ ದೇಶಗಳಲ್ಲಿ, ಯುರೋಪಿನಲ್ಲಿ, ಅಮೆರಿಕದಲ್ಲಿ ನೆಲೆಸಿವೆ. ವಿದೇಶ ಪ್ರವಾಸ ನಮ್ಮ ಕೊಯರ್‌ಗಳಿಗೆ ಅಸಾಧ್ಯವಾದುದೇನಲ್ಲ. ಅಂತಹ ಯೋಜನೆ ಹಾಕುವಾಗ ಕೆಲವು ಸಂಗತಿಗಳನ್ನು ಗಮನಿಸುವುದು ಒಳಿತು.

ಒಂದು, ಸಾಧ್ಯವಿದ್ದಷ್ಟು ಹೋಟೆಲಿನ ಬದಲು ಮನೆಗಳಲ್ಲಿ ತಂಗಬೇಕು. ನಮ್ಮ ಪರಿಚಯಸ್ಥರ ಮನೆಗಳಲ್ಲಿ ಮಾತ್ರವಲ್ಲ, ಆ ನಾಡಿನವರ ಮನೆಗಳಲ್ಲಿಯೂ. ಎರಡು, ಅವರ ಭಾಷೆಯ ಒಂದು ಗೀತೆಯನ್ನಾದರೂ ಮೊದಲೇ ಕಲಿತು ಹೋಗಬೇಕು. ಮೂರು, ನಮ್ಮ ಕೊಂಕಣಿ, ಕನ್ನಡ, ತುಳು ಭಕ್ತಿಗೀತೆಗಳನ್ನು ಸಂಕೋಚವಿಲ್ಲದೆ ಒಯ್ಯಬೇಕು. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನೆಯ ಸಂವಿಧಾನದಲ್ಲಿ, ಸುವಾರ್ತಾ ಪ್ರಸಾರದ ನಾಡುಗಳ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ಕೊಡಬೇಕೆಂದು ಹೇಳಿದೆ. ನಾಲ್ಕು, ಖರ್ಚಿನ ಲೆಕ್ಕ ಬಹಿರಂಗವಾಗಿರಲಿ. ಹಣವಿಲ್ಲವೆಂಬ ಕಾರಣಕ್ಕೆ ಒಳ್ಳೆಯ ಹಾಡುಗಾರನೊಬ್ಬ ಮನೆಯಲ್ಲೇ ಉಳಿಯದಂತೆ ಎಲ್ಲರೂ ಕೈಜೋಡಿಸಲಿ. ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪ್ರತಿಯಾಗಿ ಬರುವ ತಂಡಕ್ಕೆ ನಮ್ಮ ವಾಳೆಗಳ ಮನೆಬಾಗಿಲು ತೆರೆದಿರಬೇಕು. ಕರೆಯದೆ ಹೋಗಿಬರುವುದು ಪ್ರವಾಸ ಮಾತ್ರ. ಕರೆದಾಗಲೇ ಅದು ವಿನಿಮಯ.

ದೂರದ ದೇಶಕ್ಕೆ ಹೋಗುವ ಅವಕಾಶ ಎಲ್ಲರಿಗೂ ಸಿಗಲಾರದು. ಆದರೆ ಮನಸ್ತಾಪದಿಂದ ವರ್ಷಗಟ್ಟಲೆ ದೂರ ಉಳಿದ ಪಕ್ಕದ ಚರ್ಚಿನ ಕೊಯರ್ ಅನ್ನು ನಮ್ಮ ಹಬ್ಬದ ಬಲಿಪೂಜೆಗೆ ಹಾಡಲು ಆಹ್ವಾನಿಸಿ, ನಂತರ ಮನೆಗೆ ಕರೆದು ಊಟ ಬಡಿಸಲು ವೀಸಾ ಬೇಕಾಗಿಲ್ಲ. ಯುದ್ಧ ಮುಗಿದ ನಾಲ್ಕೇ ವರ್ಷಗಳಲ್ಲಿ ಲಾಂಗೋಲ್ಲೆನ್ ಜನರು ಜರ್ಮನರನ್ನು ಗೆಳೆಯರೆಂದು ಕರೆದರು. ಪರಕೀಯರನ್ನು ಸತ್ಕರಿಸಲು ಮರೆಯಬೇಡಿ ಎಂಬ ಹಿಬ್ರಿಯರ ಪತ್ರದ ಬುದ್ಧಿಮಾತನ್ನು ಕೇಳಿ ಬೆಳೆದ ನಮಗೆ ಇದು ಅಸಾಧ್ಯವೇ?