ಬ್ರಾಡ್‌ಕಾಂ ನಿಸ್ತಂತು ಚಿಪ್ಪಿನ ಲಿನಕ್ಸ್ ಡ್ರೈವರು: ಒಂದು ಚಾರಿತ್ರಿಕ ವಿವೇಚನೆ

ಗಣಕಯಂತ್ರದೊಳಗೆ ನಿಸ್ತಂತು ಅಡಾಪ್ಟರನ್ನು ಇರಿಸಿದ ಮಾತ್ರಕ್ಕೆ ಯಂತ್ರವು ಜಾಲವನ್ನು ಸೇರುವುದಿಲ್ಲ. ಅಡಾಪ್ಟರಿನ ಚಿಪ್ಪಿಗೆ ಯಾವಾಗ ಯಾವ ಆಜ್ಞೆಯನ್ನು ಕೊಡಬೇಕೆಂಬುದನ್ನು ಬಲ್ಲ ತಂತ್ರಾಂಶವೊಂದು ನಡುವೆ ನಿಲ್ಲಬೇಕು, ಅದೇ ಡ್ರೈವರು. ಅದು ಕೆಲಸಮಾಡದಿದ್ದಾಗ ದೋಷವನ್ನು ಯಂತ್ರದಲ್ಲಿಯೋ ಬಳಸುವವರ ಅಜ್ಞಾನದಲ್ಲಿಯೋ ಹುಡುಕುವುದು ವಾಡಿಕೆ. ಆದರೆ ಬ್ರಾಡ್‌ಕಾಂ ಕಂಪನಿಯ ಚಿಪ್ಪುಗಳಿಗೂ ಲಿನಕ್ಸ್ ಕಾರ್ಯವ್ಯವಸ್ಥೆಗೂ ಇದ್ದ ಸಂಬಂಧವನ್ನು ಪರಿಶೀಲಿಸಿದರೆ, ತೊಡಕಿನ ಮೂಲವು ಬೇರೆಡೆಯಲ್ಲಿದ್ದಿತೆಂದು ನಮಗೆ ತೋರುತ್ತದೆ.

೮೦೨.೧೧ ಎಂಬ ನಿಸ್ತಂತು ಮಾನಕವು ೧೯೯೭ರಲ್ಲಿ ಹೊರಬಂದಿತು. ೨೦೦೩ರಲ್ಲಿ ಸೆಕೆಂಡಿಗೆ ೫೪ ಮೆಗಾಬಿಟ್ ವೇಗದ ೮೦೨.೧೧ಜಿ ಬಂದ ಹೊತ್ತಿಗೆ ಬ್ರಾಡ್‌ಕಾಂ ಚಿಪ್ಪುಗಳು ಅನೇಕ ಲ್ಯಾಪ್‌ಟಾಪುಗಳನ್ನು ಹೊಕ್ಕಿದ್ದವು. ಆ್ಯಪಲ್ ಸಂಸ್ಥೆಯ ಏರ್‌ಪೋರ್ಟ್ ಎಕ್ಸ್‌ಟ್ರೀಮ್ ಕಾರ್ಡಿನಲ್ಲಿದ್ದುದೂ ಅದೇ ಚಿಪ್ಪು. ವಿಂಡೋಸಿಗೆ ಡ್ರೈವರು ಇದ್ದಿತು. ಲ್ಯಾಪ್‌ಟಾಪಿನ ಲಿನಕ್ಸಿಗೆ ಇರಲಿಲ್ಲ, ಚಿಪ್ಪಿನ ಒಳವಿವರಗಳೂ ಪ್ರಕಟವಾಗಲಿಲ್ಲ. ಪ್ರಸಾರದ ಆವರ್ತನವನ್ನೂ ಶಕ್ತಿಯನ್ನೂ ತಂತ್ರಾಂಶವೇ ನಿರ್ಧರಿಸುವುದರಿಂದ, ವಿವರಗಳನ್ನು ತೆರೆದಿಟ್ಟರೆ ರೇಡಿಯೋ ನಿಯಮಗಳು ಮುರಿಯಲ್ಪಡುವುವೆಂಬುದು ಇಂತಹ ತಯಾರಕರ ಪರವಾಗಿ ಸಾಮಾನ್ಯವಾಗಿ ಹೇಳಲಾಗುತ್ತಿದ್ದ ಕಾರಣ.

ಮೊದಲ ಪರಿಹಾರವೊಂದು ವಿಚಿತ್ರವಾದುದು. ಎನ್‌ಡಿಐಎಸ್‌ರ‍್ಯಾಪರ್ ಎಂಬ ತಂತ್ರಾಂಶವು ಲಿನಕ್ಸಿನೊಳಗೆ ವಿಂಡೋಸಿನ ವೇಷವನ್ನು ಧರಿಸಿ, ವಿಂಡೋಸ್ ಡ್ರೈವರನ್ನೇ ಅಲ್ಲಿ ನಡೆಸುತ್ತಿದ್ದಿತು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಇದು ಸಾಗಿತು. ಪವರ್‌ಪಿಸಿ ಪ್ರೊಸೆಸರಿನ ಅಂದಿನ ಆ್ಯಪಲ್ ಯಂತ್ರಗಳಿಗೆ ಉಪಯೋಗಕ್ಕೆ ಬರಲಿಲ್ಲ.

ಎರಡನೆಯ ಮಾರ್ಗವೇ ಹೆಚ್ಚು ಗಮನಾರ್ಹ. ಲಿಂಕ್‌ಸಿಸ್ ರೌಟರುಗಳು ಲಿನಕ್ಸಿನಲ್ಲಿಯೇ ನಡೆಯುತ್ತಿದ್ದು, ಬ್ರಾಡ್‌ಕಾಂ ಡ್ರೈವರು ಅವುಗಳೊಳಗೆ ಯಂತ್ರಭಾಷೆಯ ರೂಪದಲ್ಲಿದ್ದಿತು. ಒಂದು ತಂಡವು ಅದನ್ನು ಬಿಡಿಸಿ ಓದಿ, ಚಿಪ್ಪಿನ ವರ್ತನೆಯನ್ನು ಮಾತ್ರ ಬರೆದಿಟ್ಟಿತು. ಮೂಲವನ್ನು ನೋಡದ ಇನ್ನೊಂದು ತಂಡವು ಆ ಬರೆಹದಿಂದ ಹೊಸ ಡ್ರೈವರನ್ನು ರಚಿಸಿತು. ಕೃತಿಸ್ವಾಮ್ಯದ ಆಕ್ಷೇಪಣೆಗೆ ಎಡೆಗೊಡಬಾರದೆಂದೇ ಈ ವಿಂಗಡಣೆ. ಹಾಳಾದ ಶಾಸನವನ್ನು ಓದಿದವರಿಗೆ ಆ ಮೊದಲ ತಂಡದ ಶ್ರಮದ ಅಂದಾಜು ಆದೀತು. ಎರಡನೆಯ ತಂಡದಲ್ಲಿ ಮೈಕೇಲ್ ಬ್ಯೂಶ್ ಪ್ರಮುಖರು. ಬಿಸಿಎಂ೪೩ಎಕ್ಸ್‌ಎಕ್ಸ್ ಎಂಬ ಈ ಡ್ರೈವರು ೨೦೦೬ರ ಜೂನ್ ತಿಂಗಳಲ್ಲಿ, ೨.೬.೧೭ನೆಯ ಲಿನಕ್ಸ್ ಕರ್ನೆಲಿನೊಡನೆ ಹೊರಬಂದಿತು.

ಆದರೂ ಒಂದು ಕೊರತೆ ಉಳಿಯಿತು. ಚಿಪ್ಪಿನೊಳಗೇ ನಡೆಯುವ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶವು ಕಂಪನಿಯ ಸ್ವತ್ತು. ಅದನ್ನು ಲಿನಕ್ಸಿನೊಡನೆ ಹಂಚಲು ಅನುಮತಿ ಇರಲಿಲ್ಲ. ಬಳಸುವವರು ಕಂಪನಿಯ ಡ್ರೈವರನ್ನು ಜಾಲದಿಂದ ಇಳಿಸಿಕೊಂಡು, ಅದರೊಳಗಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯಬೇಕಾಗಿದ್ದಿತು. ಜಾಲಕ್ಕೆ ಸೇರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರಿಗೆ ಜಾಲ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿರಲಾರದು. ೨೦೦೮ರ ಜನವರಿಯಲ್ಲಿ ೨.೬.೨೪ನೆಯ ಕರ್ನೆಲಿನೊಡನೆ ಬಿ೪೩ ಎಂಬ ಹೊಸ ಡ್ರೈವರು ಬಂದಾಗ, ಅದು ಹಳೆಯ ಫರ್ಮ್‌ವೇರನ್ನು ಒಪ್ಪದೆ ನಾಲ್ಕನೆಯ ಆವೃತ್ತಿಯನ್ನು ಬೇಡಿತು. ಅದುವರೆಗೆ ನಡೆಯುತ್ತಿದ್ದ ಅಡಾಪ್ಟರು ಕರ್ನೆಲನ್ನು ನವೀಕರಿಸಿದೊಡನೆ ನಿಂತುಹೋಗುವುದಕ್ಕೆ ಇಷ್ಟು ಸಾಕಾಯಿತು.

ದೋಷಪರೀಕ್ಷೆಯ ಕ್ರಮವು ರೂಪುಗೊಂಡುದು ಈ ಚರಿತ್ರೆಯಿಂದಲೇ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಚಿಪ್ಪಿನ ಗುರುತುಸಂಖ್ಯೆಯನ್ನು ಮೊದಲು ನೋಡಬೇಕು. ಬ್ರಾಡ್‌ಕಾಂ ಚಿಪ್ಪಿನದು ೧೪ಇ೪ ಎಂದು ಮೊದಲಾಗುತ್ತದೆ. ಬಳಿಕ ಕರ್ನೆಲಿನ ದಾಖಲೆಯಲ್ಲಿ ಫರ್ಮ್‌ವೇರ್ ದೊರೆಯಲಿಲ್ಲವೆಂಬ ದೂರು ಇದೆಯೇ ಎಂದು ಪರಿಶೀಲಿಸಬೇಕು. ೨೦೦೮ರಲ್ಲಿ ಕಂಪನಿಯೇ ಡಬ್ಲ್ಯುಎಲ್ ಎಂಬ, ಮೂಲಬರೆಹವು ಪೂರ್ಣವಾಗಿ ತೆರೆದಿಲ್ಲದ ಡ್ರೈವರನ್ನು ಕೊಟ್ಟ ಮೇಲೆ ಮತ್ತೊಂದು ಪರೀಕ್ಷೆ ಸೇರಿತು: ಇದೂ ಬಿ೪೩ಯೂ ಒಂದೇ ಚಿಪ್ಪಿಗಾಗಿ ಸೆಣಸುತ್ತಿದ್ದರೆ ಒಂದನ್ನು ತಡೆಹಿಡಿಯಬೇಕು.

೨೦೧೦ರ ಸೆಪ್ಟೆಂಬರ್ ೯ರಂದು ಬ್ರಾಡ್‌ಕಾಂ ಕೆಲವು ಹೊಸ ಚಿಪ್ಪುಗಳ ಡ್ರೈವರಿನ ಮೂಲಬರೆಹವನ್ನು ತಾನಾಗಿಯೇ ಪ್ರಕಟಿಸಿತು. ಅಷ್ಟರಲ್ಲಿ ರೇಡಿಯೋ ನಿಯಮಗಳು ರದ್ದಾಗಿರಲಿಲ್ಲ. ಹಿಂದೆ ಹೇಳಲಾಗಿದ್ದ ಕಾರಣವು ಪೂರ್ತಿ ಹುರುಳಿಲ್ಲದುದಲ್ಲವಾದರೂ, ಅದೊಂದೇ ಕಾರಣವಾಗಿದ್ದಿತೆಂದು ನಾವು ಒಪ್ಪಲಾರೆವು. ಆ ಪ್ರಕಟಣೆಯಲ್ಲಿ ಒಳಗೊಂಡವು ಬಿಸಿಎಂ೪೩೧೩, ಬಿಸಿಎಂ೪೩೨೨೪ ಮತ್ತು ಬಿಸಿಎಂ೪೩೨೨೫ ಮಾತ್ರ. ೨೦೦೩ರ ಕಾಲದ ಚಿಪ್ಪುಗಳು ಬಿಡಿಸಿ ಓದಿ ರಚಿಸಿದ ಡ್ರೈವರುಗಳ ಪಾಲಿಗೇ ಉಳಿದವು.