ನೇಕಾರರ ಬಡ್ಡಿಯಿಂದ ಬಂದ ಚೀವರ

ಊರಿನಿಂದ ನೆಂಟರು ಬಂದರೆ ನಾಸಿಕದ ನಾವೆಲ್ಲ ಅವರನ್ನು ಪಂಚವಟಿಗೂ ತ್ರ್ಯಂಬಕೇಶ್ವರಕ್ಕೂ ಕರೆದೊಯ್ಯುತ್ತೇವೆ. ಸಮಯ ಉಳಿದರೆ ಪಾಂಡವಲೇಣಿ. ಮೆಟ್ಟಿಲು ಹತ್ತಿ ದಣಿದವರು 10ನೆಯ ಗುಹೆಯ ಮೊಗಸಾಲೆಯ ಗೋಡೆಯಲ್ಲಿ ಕೊರೆದ ಬ್ರಾಹ್ಮೀ ಅಕ್ಷರಗಳನ್ನು ಕಂಡೂ ಕಾಣದಂತೆ ಮುಂದೆ ಹೋಗುವುದೇ ಹೆಚ್ಚು. ಅಲ್ಲಿರುವುದು ಸನ್ಯಾಸಿಗಳ ಬಟ್ಟೆಯ ಲೆಕ್ಕ!

ಸುಮಾರು 1900 ವರ್ಷಗಳ ಹಿಂದೆ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನು ಈ ಗುಹೆಯನ್ನು ಭಿಕ್ಷುಸಂಘಕ್ಕೆ ಕೊಟ್ಟನು. ಜೊತೆಗೆ ಗೋವರ್ಧನವೆಂಬ ಇಲ್ಲಿನ ಊರಿನ ಎರಡು ನೇಕಾರ ಶ್ರೇಣಿಗಳಲ್ಲಿ 3000 ಕಾರ್ಷಾಪಣ ನಾಣ್ಯಗಳನ್ನು ಠೇವಣಿ ಇಟ್ಟನು. ಒಂದರಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ. ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲು. ಅಸಲನ್ನು ಮುಟ್ಟುವಂತಿಲ್ಲ. ಮೊದಲನೆಯ ಬಡ್ಡಿಯಿಂದ, ಮಳೆಗಾಲದಲ್ಲಿ ಗುಹೆಯಲ್ಲಿ ನೆಲಸುವ 20 ಭಿಕ್ಷುಗಳಿಗೆ ಚೀವರಕ್ಕೆಂದು ತಲಾ 12 ಕಾರ್ಷಾಪಣ. ಕಚೇರಿಯಲ್ಲಿ ಬಿಲ್ಲುಗಳನ್ನು ತಾಳೆ ನೋಡುವ ಅಭ್ಯಾಸ ನನ್ನದು, ಇದನ್ನೂ ನೋಡಿದೆ. ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಜನಕ್ಕೆ ಹನ್ನೆರಡರಂತೆ ಅದೂ 240. ಒಂದು ಕಾಸಿನ ವ್ಯತ್ಯಾಸವಿಲ್ಲ. ಇದನ್ನು ನಿಗಮಸಭೆಯಲ್ಲಿ ಸಾರಿ, ಹಲಗೆಯ ಮೇಲೆ ದಾಖಲು ಮಾಡಿಸಿದ್ದೂ ಶಾಸನದಲ್ಲಿದೆ.

ಹಾಗೆಂದು ಚೀವರವೇನೂ ಬೆಲೆಬಾಳುವ ಉಡುಪಲ್ಲ. ಬಟ್ಟೆಯನ್ನು ತುಂಡರಿಸಿ, ಮತ್ತೆ ಹೊಲಿದು, ಬೇರು ತೊಗಟೆಗಳ ಬಣ್ಣದಲ್ಲಿ ಅದ್ದಬೇಕು. ಮಗಧದ ಗದ್ದೆಗಳನ್ನೂ ಬದುಗಳನ್ನೂ ತೋರಿಸಿ, ಇದೇ ಮಾದರಿಯಲ್ಲಿ ಹೊಲಿಯಬಲ್ಲೆಯಾ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕ ಹೇಳುತ್ತದೆ. ಬೇಡಿ ಉಣ್ಣುವವನ ಮೈಮೇಲೆ ಅನ್ನ ಬೆಳೆಯುವವನ ಗದ್ದೆ!

ಇದಕ್ಕೆ ತೀರ ವಿರುದ್ಧವೆನಿಸುವುದು ಪ್ರಾಚೀನ ಇಸ್ರಾಯೇಲರ ಮಹಾಯಾಜಕನ ಉಡುಪು. ಬೈಬಲಿನ ವಿಮೋಚನಕಾಂಡದಲ್ಲಿ ಅದರ ವಿವರವಿದೆ. ಚಿನ್ನದ ಎಳೆ, ನೀಲಿ, ನೇರಳೆ, ಕಡುಗೆಂಪು ದಾರ, ಅಂಚಿನಲ್ಲಿ ಚಿನ್ನದ ಗೆಜ್ಜೆ, ದಾಳಿಂಬೆಯ ಕುಚ್ಚು. ಎದೆಯ ಪದಕದಲ್ಲಿ ನಾಲ್ಕು ಸಾಲಾಗಿ 12 ರತ್ನಗಳು, ಒಂದೊಂದರ ಮೇಲೂ ಒಂದು ಕುಲದ ಹೆಸರು. ಆರೋನನು ದೇವರ ಮುಂದೆ ನಿಂತಾಗ ಇಡೀ ಜನಾಂಗವನ್ನು ಎದೆಯ ಮೇಲೆ ಹೊತ್ತಿರಬೇಕೆಂಬುದು ಅದರ ಅರ್ಥ. ಆ ದಾರವನ್ನು ನೂತು ತಂದವರು ಜನರ ನಡುವಿನ ಹೆಂಗಸರೇ. ಇನ್ನೊಂದು ಮಾತು: ವರ್ಷಕ್ಕೊಮ್ಮೆ, ಪ್ರಾಯಶ್ಚಿತ್ತದ ದಿನ, ಗರ್ಭಗುಡಿಯೊಳಕ್ಕೆ ಹೋಗುವಾಗ ಈ ವೈಭವವನ್ನೆಲ್ಲ ಕಳಚಿಟ್ಟು ಬರಿಯ ನಾರುಬಟ್ಟೆ ಉಡಬೇಕಿತ್ತು.

ಅಲ್ಲಿ 12 ಹೆಸರು, ಇಲ್ಲಿ 12 ಕಾರ್ಷಾಪಣ. ಸಂಖ್ಯೆ ಹೊಂದಿದ್ದು ಕೇವಲ ಕಾಕತಾಳೀಯ, ಅದಕ್ಕೆ ಬೆಲೆ ಕಟ್ಟಬೇಕಾಗಿಲ್ಲ. ಆದರೆ ಎರಡು ಉಡುಪುಗಳೂ ತೊಟ್ಟವನಿಗೆ ಕೊಟ್ಟವರನ್ನು ನೆನಪಿಸುತ್ತವೆಂಬುದು ನಿಜ.

ಈ ಋಣವೇ ಬೇಡವೆಂದವರನ್ನು ನೋಡಬೇಕಾದರೆ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರಕ್ಕೆ ಹೋಗಬೇಕು. ನಮ್ಮವರು ರಾಷ್ಟ್ರಕೂಟರ ಕೈಲಾಸವನ್ನು ನೋಡಿ ಹೆಮ್ಮೆಪಟ್ಟು ಬಸ್ಸು ಹತ್ತಿಬಿಡುತ್ತಾರೆ. ಇನ್ನಷ್ಟು ಉತ್ತರಕ್ಕೆ ನಡೆದರೆ 32ನೆಯ ಗುಹೆ, ಇಂದ್ರಸಭೆ. ಅಲ್ಲಿ ಶ್ರವಣಬೆಳಗೊಳದವನಿಗಿಂತ ಹಿರಿಯನಾದ ಬಾಹುಬಲಿ ನಿಂತಿದ್ದಾನೆ, ಮೈಮೇಲೆ ಹಬ್ಬಿದ ಬಳ್ಳಿಯ ಹೊರತು ಬೇರೇನೂ ಇಲ್ಲದೆ.