ಡ್ಯಾಶ್‌ಬೋರ್ಡಿನ ಸ್ಕ್ರೀನ್ ಯಾರದ್ದು?

ನಿಮ್ಮ ಕಾರಿನ ಸ್ಟೀರಿಂಗ್ ಪಕ್ಕ ಒಂದು ಟಚ್‌ಸ್ಕ್ರೀನ್ ಇದೆಯಲ್ಲ, ಅದು ಯಾರದ್ದು? “ಇದೇನ್ರೀ ಪ್ರಶ್ನೆ, ಸಾಲ ಮಾಡಿ ಕಾರು ತಗೊಂಡಿದ್ದು ನಾನು, ಸ್ಕ್ರೀನೂ ನನ್ನದೇ” ಅಂತೀರಿ. ಸರಿ. ಹಾಗಾದ್ರೆ ಅದರೊಳಗೆ ಯಾವ ಸಾಫ್ಟ್‌ವೇರ್ ಇರಬೇಕು ಅಂತ ನೀವು ತೀರ್ಮಾನ ಮಾಡಬಹುದಾ? ನೀವು ಎಲ್ಲಿಗೆ ಹೋದಿರಿ, ಎಷ್ಟು ವೇಗದಲ್ಲಿ ಹೋದಿರಿ ಅನ್ನೋ ಲೆಕ್ಕ ಅಲ್ಲಿಂದ ಹೊರಗೆ ಹೋಗ್ತಿದೆಯಾ, ಇಲ್ವಾ ಅಂತ ಖಚಿತವಾಗಿ ಹೇಳಬಹುದಾ? ನಮ್ಮಲ್ಲಿ ಬಹಳ ಜನಕ್ಕೆ ಆಗಲ್ಲ.

ಇಪ್ಪತ್ತು ವರ್ಷದ ಹಿಂದೆ ಈ ಎರಡು ಪ್ರಶ್ನೆಗೂ ಎದೆ ತಟ್ಟಿ ‘ಹೌದು’ ಅನ್ನುವ ಜನ ಇದ್ದರು. ಕಂಪ್ಯೂಟರಿನ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು, ಜೋಡಿಸಿ, ಡ್ಯಾಶ್‌ಬೋರ್ಡ್ ಕೊರೆದು ತಾವೇ ಕೂರಿಸುತ್ತಿದ್ದರು. ಅಮೆರಿಕ, ಯುರೋಪಿನ ಆ ಹವ್ಯಾಸಿಗಳು ಅದಕ್ಕೆ ಹೇಳುತ್ತಿದ್ದ ಹೆಸರು ‘ಕಾರ್‌ಪ್ಯೂಟರ್’. ಅವರ ಕಥೆ ಗೊತ್ತಾದ್ರೆ, ಸ್ಕ್ರೀನ್ ನಮ್ಮ ಕೈಯಿಂದ ಹೇಗೆ ಜಾರಿತು ಅನ್ನೋದೂ ಗೊತ್ತಾಗುತ್ತೆ.

ಡ್ಯಾಶ್‌ಬೋರ್ಡಿಗೆ ಮೊದಲು ಕೈ ಹಾಕಿದ್ದು ರೇಡಿಯೊ. 1930ರಲ್ಲಿ ಶಿಕಾಗೋದ ಪಾಲ್ ಗಾಲ್ವಿನ್ ತಮ್ಮ ಸ್ಟುಡಿಬೇಕರ್ ಕಾರಿಗೆ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೊ ತಯಾರಕರ ಸಮಾವೇಶಕ್ಕೆ ಹೋದರು. ಒಳಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ಹಾಡು ಕೇಳಿಸಿದರು. ಮೋಟರ್ ಕಾರಿನ ‘ಮೋಟರ್’ಗೆ ‘ಓಲಾ’ ಸೇರಿಸಿ ಆ ರೇಡಿಯೊಗೆ ಇಟ್ಟ ಹೆಸರೇ ಮೋಟೊರೋಲಾ. ಆಗಿನ ದೊಡ್ಡ ತಲೆನೋವು ಏನು ಗೊತ್ತಾ? ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಗಲಾಟೆ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಕಾರಿನ ಕರೆಂಟಿಗೂ ಎಲೆಕ್ಟ್ರಾನಿಕ್ಸಿಗೂ ಜಗಳ ಶುರುವಾಗಿದ್ದು ಅಲ್ಲಿಂದ.

ಆಮೇಲೆ ಬಂದಿದ್ದು ನಕ್ಷೆ. 1981ರಲ್ಲಿ ಜಪಾನಿನ ಹೋಂಡಾ ‘ಎಲೆಕ್ಟ್ರೋ ಗೈರೋಕೇಟರ್’ ತಂದಿತು. ಆಗ ಸಾಮಾನ್ಯರ ಕೈಗೆ ಜಿಪಿಎಸ್ ಎಲ್ಲಿ ಬರಬೇಕು? ಕಾರು ಯಾವ ಕಡೆ ತಿರುಗಿತು ಅನ್ನೋದನ್ನು ಗ್ಯಾಸ್ ಗೈರೊ ಹೇಳುತ್ತಿತ್ತು. ಪಾರದರ್ಶಕ ನಕ್ಷೆಯ ಹಾಳೆಯನ್ನು ಸ್ಕ್ರೀನ್ ಮುಂದೆ ತೂರಿಸಿದರೆ, ಹಿಂದಿನಿಂದ ಒಂದು ಬೆಳಕಿನ ಚುಕ್ಕಿ ಓಡುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾನ್ ಹನಿ ಅವರ ‘ಈಟಾಕ್’ ಕಂಪನಿ ನಕ್ಷೆಯನ್ನೇ ಕ್ಯಾಸೆಟ್ಟಿಗೆ ಹಾಕಿತು. ಚಕ್ರದ ಸೆನ್ಸರು, ಒಂದು ದಿಕ್ಸೂಚಿ, ಒಂದು ಕಂಪ್ಯೂಟರು. ಅಷ್ಟರಲ್ಲೇ ಹಸಿರು ಸ್ಕ್ರೀನಿನ ಮೇಲೆ ರಸ್ತೆ ಮೂಡುತ್ತಿತ್ತು. ಮರುವರ್ಷ, 1986ರಲ್ಲಿ, ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿಗೆ ಟಚ್‌ಸ್ಕ್ರೀನೇ ಬಂತು. ಎಸಿ, ರೇಡಿಯೊ ಎಲ್ಲಾ ಅದರಲ್ಲೇ. ಜನ ಏನಂದ್ರು? ರಸ್ತೆ ನೋಡಬೇಕೋ, ಸ್ಕ್ರೀನ್ ನೋಡಬೇಕೋ ಅಂದ್ರು. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದುಹಾಕಿದರು.

ಕಂಪನಿಗಳು ಹಿಂದೆ ಸರಿದ ಜಾಗಕ್ಕೆ ಹವ್ಯಾಸಿಗಳು ನುಗ್ಗಿದರು. 2000ದ ಆಸುಪಾಸಿನಲ್ಲಿ ಮೂರು ಸಂಗತಿ ಕೂಡಿಬಂದವು. ಒಂದು, ಎಂಪಿ3. ಇಂಗ್ಲೆಂಡಿನ ‘ಎಂಪೆಗ್’ ಅನ್ನುವ ಪುಟ್ಟ ಕಂಪನಿ 1999ರಲ್ಲೇ ಲಿನಕ್ಸ್ ಓಡುವ, ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಇರುವ ಕಾರ್ ಪ್ಲೇಯರ್ ಮಾರಿತು. ಎರಡು, 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದ ಜಿಪಿಎಸ್ ರಾತ್ರೋರಾತ್ರಿ ರಸ್ತೆಗೆ ಬಂದು ನಿಂತಿತು. ಮೂರು, 2001ರಲ್ಲಿ ತೈವಾನಿನ ವಿಯಾ ಕಂಪನಿ ‘ಮಿನಿ-ಐಟಿಎಕ್ಸ್’ ಮದರ್‌ಬೋರ್ಡ್ ತಂದಿತು. 17 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಪೂರ್ತಿ ಕಂಪ್ಯೂಟರು ಸೀಟಿನ ಕೆಳಗೆ ಹಿಡಿಸಿತು!

ಬೋರ್ಡ್ ಸಿಕ್ಕಿತು, ಆಯ್ತು ಅಂದ್ಕೋಬೇಡಿ. ಕಷ್ಟ ಇರೋದೇ ಮುಂದೆ. ಕಾರಿನ ಬ್ಯಾಟರಿ 12 ವೋಲ್ಟ್ ಅಂತೀವಿ. ಇಂಜಿನ್ ಓಡುವಾಗ ಅದು 14ರ ಹತ್ತಿರ ಇರುತ್ತೆ. ಸೆಲ್ಫ್ ಹೊಡೆದಾಗ ಎಂಟು ವೋಲ್ಟಿಗೂ ಕುಸಿಯಬಹುದು. ಮನೆಯ ಕಂಪ್ಯೂಟರಿಗೆ ಹೀಗಾದರೆ ಅದು ಆಫ್ ಆಗಿ ಮತ್ತೆ ಆನ್ ಆಗುತ್ತೆ, ಅಷ್ಟೇ. ಆದ್ದರಿಂದ 6 ವೋಲ್ಟಿನಿಂದ 24 ವೋಲ್ಟಿನವರೆಗೆ ಏನೇ ಬಂದರೂ ಹದವಾದ ಕರೆಂಟ್ ಕೊಡುವ ಪವರ್ ಸಪ್ಲೈ ಬೇಕಾಯಿತು.

ಇನ್ನೊಂದು ಸಮಸ್ಯೆ. ಕೀ ತೆಗೆದ ತಕ್ಷಣ ಕರೆಂಟ್ ಹೋದರೆ ಹಾರ್ಡ್‌ಡಿಸ್ಕಿನಲ್ಲಿ ಇದ್ದಿದ್ದು ಕೆಡುತ್ತೆ. ಹಾಗಂತ ಕರೆಂಟ್ ಬಿಟ್ಟೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಡೌನ್, ಕಾರು ತಳ್ಳಬೇಕು. ಇದಕ್ಕೆ ಒಂದು ಪುಟ್ಟ ಸರ್ಕ್ಯೂಟ್ ಹಾಕುತ್ತಿದ್ದರು. ಇಗ್ನಿಷನ್ ಆಫ್ ಆಗಿದ್ದು ಗೊತ್ತಾದ ಮೇಲೆ ಅದು ಕೆಲವು ಸೆಕೆಂಡ್ ಕಾಯುತ್ತೆ, ಕಂಪ್ಯೂಟರಿಗೆ ‘ಶಟ್‌ಡೌನ್ ಆಗು’ ಅನ್ನುತ್ತೆ, ಅದು ಮಲಗಿದ ಮೇಲೆ ಕರೆಂಟ್ ಪೂರ್ತಿ ಕತ್ತರಿಸುತ್ತೆ. ಓದೋಕೆ ಎರಡು ಸಾಲು. ಇದನ್ನು ಸರಿಯಾಗಿ ಮಾಡೋಕೆ ಎಷ್ಟೋ ಜನ ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂತಿದ್ದರು.

ಇನ್ನು ಡ್ಯಾಶ್‌ಬೋರ್ಡು. ಸ್ಟೀರಿಯೊ ಕೂರುವ ಜಾಗಕ್ಕೆ ಜರ್ಮನಿಯಿಂದ ಬಂದ ಅಳತೆ ಇದೆ: ಡಬಲ್ ಡಿನ್, ಸುಮಾರು 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರ. ಏಳು ಇಂಚಿನ ಟಚ್‌ಸ್ಕ್ರೀನ್ ಅದಕ್ಕೆ ಹೊಂದುತ್ತೆ. ಅಂಥ ಜಾಗ ಇಲ್ಲದ ಕಾರಾದರೆ ಫೈಬರ್‌ಗ್ಲಾಸ್ ಹಾಕಿ, ಪುಟ್ಟಿ ಮೆತ್ತಿ, ಉಜ್ಜಿ, ಪೇಂಟ್ ಹೊಡೆದು ಚೌಕಟ್ಟು ಮಾಡಬೇಕು. ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಬೇಕು, ಇಲ್ಲದಿದ್ದರೆ ಶಾರ್ಟ್ ಆದಾಗ ಕಾರಿಗೇ ಬೆಂಕಿ. ಅರ್ಥಿಂಗ್ ತಪ್ಪಿದರೆ ಎಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಕುಂಯ್ ಅನ್ನೋ ಸದ್ದು. 1930ರ ಗಾಲ್ವಿನ್ ಜಗಳವೇ ಹೊಸ ವೇಷದಲ್ಲಿ!

ಇಷ್ಟೆಲ್ಲಾ ಯಾಕೆ ಮಾಡಿದರು? ಹಾಡಿಗೋಸ್ಕರ ಮಾತ್ರ ಅಲ್ಲ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಒಬಿಡಿ-2 ಅನ್ನೋ 16 ಪಿನ್ನಿನ ಕನೆಕ್ಟರ್ ಕಡ್ಡಾಯವಾಯಿತು. ಅದಕ್ಕೆ ಕಂಪ್ಯೂಟರ್ ಸಿಕ್ಕಿಸಿದರೆ ಇಂಜಿನ್ನಿನ ಬಿಸಿ, ಆರ್‌ಪಿಎಂ, ದೋಷದ ಕೋಡು, ಎಲ್ಲಾ ಸ್ಕ್ರೀನ್ ಮೇಲೆ. ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ ಅಂತಿದ್ದ ಮಾಲೀಕನಿಗೆ ತನ್ನ ಇಂಜಿನ್ ಜೊತೆ ತಾನೇ ಮಾತಾಡುವ ದಾರಿ ಸಿಕ್ಕಿತು.

2007ರಲ್ಲಿ ಐಫೋನ್ ಬಂತು. ನಕ್ಷೆ, ಹಾಡು, ಜಿಪಿಎಸ್ ಎಲ್ಲಾ ಜೇಬಿಗೇ ಬಂದ ಮೇಲೆ ಡ್ಯಾಶ್‌ಬೋರ್ಡ್ ಕೊರೆಯೋರು ಯಾರು? 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹೊತ್ತು ಬಂತು. 2014ರಲ್ಲಿ ಆಪಲ್ ಕಾರ್‌ಪ್ಲೇ, 2015ರಲ್ಲಿ ಆಂಡ್ರಾಯ್ಡ್ ಆಟೊ. ಎಸಿ, ಕ್ಯಾಮೆರಾ, ಸೆಟ್ಟಿಂಗ್ ಎಲ್ಲಾ ಕಂಪನಿಯ ಸ್ಕ್ರೀನಿಗೇ ಅಂಟಿಕೊಂಡವು. ಬಿಚ್ಚಿ ಬೇರೆ ಹಾಕೋಣ ಅಂದ್ರೆ ಕಾರೇ ಅರ್ಧ ಕೆಲಸ ಮಾಡಲ್ಲ.

ಆಗಲೇ ಎದ್ದಿದ್ದು ಒಡೆತನದ ಪ್ರಶ್ನೆ. 2015ರಲ್ಲಿ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ಅಮೆರಿಕದ ಕಾಪಿರೈಟ್ ಕಚೇರಿ ಮುಂದೆ ಏನು ವಾದ ಮಾಡಿತು ಗೊತ್ತಾ? ಗಾಡಿ ಕೊಂಡವನಿಗೆ ಒಳಗಿನ ಸಾಫ್ಟ್‌ವೇರಿನ ಮೇಲೆ ಇರೋದು ಗಾಡಿ ಓಡಿಸುವ ಪರವಾನಗಿ ಮಾತ್ರ ಅಂತ. ಆ ವರ್ಷ ವಾಹನದ ಸಾಫ್ಟ್‌ವೇರ್ ಬೀಗ ತೆಗೆದು ರಿಪೇರಿ ಮಾಡಲು ಮಾಲೀಕರಿಗೆ ವಿನಾಯಿತಿ ಸಿಕ್ಕಿತು. ಆದರೆ ಗಮನಿಸಿ, ಮನರಂಜನೆ ಮತ್ತು ಟೆಲಿಮ್ಯಾಟಿಕ್ಸ್ ವ್ಯವಸ್ಥೆ, ಅಂದ್ರೆ ಇದೇ ಸ್ಕ್ರೀನು, ಅದರಿಂದ ಹೊರಗೆ ಉಳಿಯಿತು. ಆ ಬಾಗಿಲು ಸ್ವಲ್ಪ ತೆರೆದಿದ್ದು 2018ರಲ್ಲಿ.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಅನ್ನೋಕಾಗಲ್ಲ. ಅದೇ 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಅನ್ನುವ ಸಂಶೋಧಕರು ಹೆದ್ದಾರಿಯಲ್ಲಿ ಹೋಗುತ್ತಿದ್ದ ಜೀಪ್ ಚೆರೋಕಿಯನ್ನು ದೂರದಿಂದಲೇ ಹಿಡಿತಕ್ಕೆ ತಗೊಂಡು ತೋರಿಸಿದರು. ಒಳಗೆ ಹೋಗಿದ್ದು ಅದರ ಸ್ಕ್ರೀನ್ ವ್ಯವಸ್ಥೆಯ ಮೂಲಕ. 14 ಲಕ್ಷ ವಾಹನಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು. ಸುರಕ್ಷತೆ ಬೇಕು, ಒಪ್ಪೋಣ. ಆದರೆ ಆ ಬಾಗಿಲು ತೆರೆದಿಟ್ಟಿದ್ದು ಯಾರು? ಮಾಲೀಕನಲ್ಲ, ಕಂಪನಿಯೇ ಅಲ್ವಾ? ಇನ್ನು 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ, ಕಾರಿನಲ್ಲಿ ಈಗಾಗಲೇ ಇರುವ ಸೀಟ್ ಹೀಟರಿಗೆ ತಿಂಗಳ ಶುಲ್ಕ ಕೇಳಿತು. ಟೀಕೆ ಬಂದ ಮೇಲೆ, 2023ರಲ್ಲಿ ಕೈಬಿಟ್ಟಿತು. ಸೀಟು ಬಿಸಿಯಾಗೋದಕ್ಕೂ ಸುರಕ್ಷತೆಗೂ ಏನ್ರೀ ಸಂಬಂಧ? ಅದೇ ವರ್ಷ ಮೊಜಿಲ್ಲಾ ಸಂಸ್ಥೆ 25 ಕಾರ್ ಬ್ರ್ಯಾಂಡ್‌ಗಳ ಖಾಸಗಿತನದ ನೀತಿ ಪರೀಕ್ಷಿಸಿತು. ಪಾಸಾಗಿದ್ದು ಎಷ್ಟು? ಒಂದೂ ಇಲ್ಲ.

ಇದು ದೂರದ ದೇಶದ ಮಾತು ಅಂತ ಸುಮ್ಮನಿರೋ ಹಾಗಿಲ್ಲ. ಮರ್ಸಿಡಿಸ್ 1996ರಿಂದ, ಬಾಷ್ ಅದಕ್ಕೂ ಮೊದಲಿಂದ ನಮ್ಮ ಬೆಂಗಳೂರಿನಲ್ಲಿವೆ. ಜಗತ್ತಿನ ರಸ್ತೆಗಳಲ್ಲಿ ಓಡುವ ಕಾರುಗಳ ಸಾಫ್ಟ್‌ವೇರ್ ಕೆಲಸ ಇಲ್ಲೂ ನಡೆಯುತ್ತೆ. ಬರೆಯುವ ಕೈ ನಮ್ಮ ಹುಡುಗರದ್ದು, ಬೀಗದ ಕೈ ನಮ್ಮ ಹತ್ತಿರ ಇಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ಶುರು ಮಾಡಿತು. ವಾಹನಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ಅದು ಪೋರ್ಟಲ್, ಕಾಯ್ದೆಯಲ್ಲ.

ಕಾಯ್ದೆ ಬರೋವರೆಗೆ ಏನು ಮಾಡೋದು? ಕಾರು ಬುಕ್ ಮಾಡುವಾಗ ಮೈಲೇಜ್ ಎಷ್ಟು, ಡಿಸ್ಕೌಂಟ್ ಎಷ್ಟು ಅಂತ ಹತ್ತು ಸಲ ಕೇಳ್ತೀವಿ. ಇನ್ನು ಮೇಲೆ ಮೂರು ಪ್ರಶ್ನೆ ಸೇರಿಸಿ. ಈ ಸ್ಕ್ರೀನ್ ನನ್ನ ಯಾವ ಮಾಹಿತಿಯನ್ನು ಎಲ್ಲಿಗೆ ಕಳಿಸುತ್ತೆ? ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ? ಕೆಟ್ಟರೆ ಹೊರಗಿನ ಮೆಕ್ಯಾನಿಕ್ ಮುಟ್ಟಬಹುದಾ? ಉತ್ತರವನ್ನು ಬರಹದಲ್ಲಿ ಕೇಳಿ. ಹಳೇ ಕಾರು ಮಾರುವಾಗ ಸ್ಕ್ರೀನಿನಲ್ಲಿರೋ ನಿಮ್ಮ ಫೋನ್ ನಂಬರುಗಳು, ಮನೆ ವಿಳಾಸ ಅಳಿಸಿ, ಆಮೇಲೆ ಕೀ ಕೊಡಿ.